ಖಾನಾಪುರ ಒಳಗ, ಬೆಳಗಾವಿ ಹೊರಗ

ನಂಬುವುದಿಲ್ಲ ಅನ್ನುವವರು ಈಗಲೇ ಹೇಳಿಬಿಡ್ರಿ. ಅರ್ಧ ಕೇಳಿ, ನಡುವೆ ಎದ್ದು, "ಇಂವ ಕುಂತಲ್ಲೇ ಹುಟ್ಟಿಸಿ ಹೇಳಾಕತ್ತಾನ" ಅಂದರೆ ನಾನು ಸುಮ್ಮನಿರುವವನಲ್ಲ. ಬೆಳಗಾವಿಯಲ್ಲೊಂದು, ಖಾನಾಪುರದಲ್ಲೊಂದು ಎರಡು ಕಂಪ್ಯೂಟರುಗಳು ಸೇರಲಾರದ ಬೀಗರ ಹಾಗೆ ಮುಖ ತಿರುವಿಕೊಂಡು ಕೂತಿದ್ದವು. ಅವಕ್ಕೆ ರಾಜಿ ಮಾಡಿಸಿದವನು ನಾನು. ಹಲಸಿ ಬಾಜೂಕಿನ ಹಳ್ಳಿಯವನು. ಪ್ಯಾಟಿ ಹುಡುಗರು ಕಂಪ್ಯೂಟರ್ ಕಲಿಯಲು ಏಸಿ ಕ್ಲಾಸಿಗೆ ಹೋಗುತ್ತಾರೆ. ನಾನು ಎಮ್ಮೆಗಳನ್ನು ಕೆರೆಗೆ ಬಿಟ್ಟು, ದಂಡೆಯ ಮೇಲೆ ಕೂತು, ಮೊಬೈಲಿನಲ್ಲಿ ಕಲಿತವನು.

ಈಗ ಬೆಳಗಾವಿಯ ಮಹಾಂತೇಶ ನಗರದ ಒಂದು ಪೆಂಡಾಲಿನ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಪೆಂಡಾಲು, ಕುರ್ಚಿ, ಅಡಿಗೆಯ ಭಾಂಡಿ ಎಲ್ಲ ಮದುವೆಗಳಿಗೆ ಬಾಡಿಗೆ ಕೊಡುವ ಅಂಗಡಿ ಅದು. ಖಾನಾಪುರದಲ್ಲಿ ನಮ್ಮದೇ ಇನ್ನೊಂದು ಶಾಖೆ. ಯಾವ ದಿನ ಯಾವ ಸಾಮಾನು ಯಾರ ಮದುವೆಗೆ ಹೋಗಬೇಕು ಅನ್ನುವುದು ಪೂರ್ತಿ ಒಂದೇ ಡೇಟಾಬೇಸಿನಲ್ಲಿ ಇರುತ್ತದೆ. ಎರಡೂ ಊರಿನವರು ಇಂಟರ್ನೆಟ್ಟಿನ ಮೇಲೆ ಅದೊಂದನ್ನೇ ತೆಗೆದು ನೋಡಬೇಕು, ಇಲ್ಲದಿದ್ದರೆ ಒಂದೇ ಅಡಿಗೆಯ ಕೊಳಗ ಎರಡು ಮದುವೆಗೆ ಒಪ್ಪಿಕೊಂಡು ಕೂತಿರುತ್ತದೆ. ಬೆಳಗಾವಿಯ ಕಂಪ್ಯೂಟರು ಹೊಸದು, ಅದರೊಳಗಿನ ಸಾಫ್ಟ್‌ವೇರೂ ಹೊಸ ಆವೃತ್ತಿ. ಖಾನಾಪುರದ್ದು ಆಗ ಎರಡೂ ಹಳೇವು. ಹೀಗಿರುವಲ್ಲಿ ತಮಾಷೆ ಒಂದು ಸಲ ನಡೆದು ಮುಗಿಯುವುದಿಲ್ಲ. ಜನ ಮದುವೆ ಆಗುವುದನ್ನು ಬಿಡುವ ತನಕ ನಡೆಯುತ್ತಲೇ ಇರುತ್ತದೆ.

ಹೌದು ಅಂದವನು

ಕೆಲಸಕ್ಕೆ ಸೇರಿದ ಮೊದಲನೇ ದಿನ ಡೇಟಾಬೇಸ್ ತೆಗೆದೆ. "ಈ ಫೈಲು ಹಳೆಯ ನಮೂನೆಯಲ್ಲಿದೆ, ಹೊಸ ನಮೂನೆಗೆ ಬದಲಿಸಲೇ?" ಎಂದು ಕಂಪ್ಯೂಟರ್ ಕೇಳಿತು. ಬೇರೆಯವರಾಗಿದ್ದರೆ ಹೆದರಿ ಯಾರನ್ನಾದರೂ ಕೇಳುತ್ತಿದ್ದರು. ನಾನು ಹೌದು ಅಂತ ಒತ್ತಿದೆ. ಗಂಡಸಾದವನು ಕೇಳಿದ್ದಕ್ಕೆ ಹೌದು ಅನ್ನಬೇಕು.

ಸ್ವಲ್ಪ ಹೊತ್ತಿಗೆ ಅಂಗಡಿಯ ಫೋನು ಬಾರಿಸಿತು. ಆ ಕಡೆ ವಯಸ್ಸಾದ ಹೆಣ್ಣುದನಿ. ಖಾನಾಪುರ ಶಾಖೆಯನ್ನು ಒಬ್ಬಳೇ ನಡೆಸುವ ಹೆಂಗಸೊಬ್ಬಳಿದ್ದಾಳೆ, ಮರಾಠಿ ಮನೆಮಾತು, ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಾರೆ ಎಂದು ನನಗೆ ಮುಂಜಾನೆಯೇ ಹೇಳಿದ್ದರು.

"ಕೋಣ್? ಹೊಸಾಂವೇನು?"

"ಹೂಂ ರೀ ಮಾವಶಿ."

"ಫೈಲಿಗೆ ಏನು ಮಾಡಿದೆಪಾ?"

"ಸುಧಾರಣಿ ಮಾಡೀನ್ರಿ."

"ನಿನ್ನ ಸುಧಾರಣಿಗೆ ಬೆಂಕಿ ಹಾಕ. ನನ್ನ ಕಂಪ್ಯೂಟರು ಈ ಫೈಲಿನ ಗುರ್ತ ನನಗಿಲ್ಲ ಅನ್ನಾಕತ್ತೈತಿ. ಇಷ್ಟು ವರ್ಷ ದಿನಾ ನೋಡಿದ್ದು, ಒಂದ ತಾಸಿನ್ಯಾಗ ಗುರ್ತ ಹೋತೇನು?"

ಅಂಜುವವನು ನಾನಲ್ಲ. ಕೂತು, ಹೊಸ ನಮೂನೆಯದನ್ನು ಮತ್ತೆ ಹಳೇ ನಮೂನೆಗೆ ಇಳಿಸಿ ಇಟ್ಟೆ. ಎರಡೂ ಕಡೆ ತೆರೆಯಿತು. ಅಷ್ಟರಲ್ಲಿ ಸಾವ್ಕಾರ್ರು ಬಂದರು. ಅಂಗಡಿ ಅವರದು. ಹಳೇ ಜೈನ ಮನೆತನ, ಮಾತು ಕಮ್ಮಿ.

"ಮುಂಜಾನಿಂದ ಏನು ಮಾಡಿದಿ?" ಅಂದರು.

"ಹೊಸಾದಾಗಿದ್ದನ್ನ ಹಳೇದು ಮಾಡಿದೆ, ಸಾವ್ಕಾರ್ರ," ಅಂದೆ, ಎದೆ ಉಬ್ಬಿಸಿ.

"ಅದಕ್ಕ ನಿನ್ನ ಪಗಾರ ಯಾಕ ಬೇಕು? ಬಿಟ್ರ ಅದು ತಾನ ಆಗತಿತ್ತು."

ಒಳಗ-ಹೊರಗ

ಫೈಲು ಎರಡೂ ಕಡೆ ತೆರೆಯಿತು ನಿಜ, ಆದರೆ ಹಳೇ ನಮೂನೆಗೆ ಒಂದು ಕೆಟ್ಟ ಗುಣ. ಇಬ್ಬರೂ ಒಟ್ಟಿಗೆ ತೆಗೆದರೆ, ಕೊನೆಗೆ ಯಾರು ಮುಚ್ಚುತ್ತಾರೋ ಅವರು ಬರೆದದ್ದು ಮಾತ್ರ ಉಳಿಯುತ್ತದೆ. ಇನ್ನೊಬ್ಬರು ಬರೆದದ್ದು ಗಾಳಿಗೆ. ಅದಕ್ಕೆ ನಾನೂ ಮಾವಶಿಯೂ ಒಂದು ಪದ್ಧತಿ ಮಾಡಿಕೊಂಡೆವು. ಫೈಲು ತೆಗೆಯುವ ಮುಂಚೆ ಫೋನು ಹಚ್ಚಿ ಕೇಳುವುದು. ಅವಳು ಫೈಲಿನ ಒಳಗಿದ್ದರೆ ನಾನು ಹೊರಗೆ, ನಾನು ಒಳಗಿದ್ದರೆ ಅವಳು ಹೊರಗೆ.

ಮಾವಶಿ ಒಳಗೆ ಹೋದರೆ ಲಗೂನ ಹೊರಗೆ ಬರುವವಳಲ್ಲ. ಫೈಲು ತೆರೆದಿಟ್ಟೇ ಊಟ ಮಾಡುತ್ತಾಳೆ, ತೆರೆದಿಟ್ಟೇ ಸಂತೆಗೆ ಹೋಗುತ್ತಾಳೆ. ನಾನು ಹೊರಗಿನವನು ಕಾಯಬೇಕು, ಕಾಯುತ್ತ ಮಾತಾಡಬೇಕು. ಚಹಾ ಕುಡಿದಿಯಾ, ಖಾನಾವಳಿಯವ ಇವತ್ತು ಯಾವ ಪಲ್ಯ ಮಾಡಿದ್ದ, ಜ್ವರ ಹೋಯಿತೋ ಇಲ್ಲವೋ, ಎಲ್ಲ ವಿಚಾರಿಸಿದ ಮೇಲೇ ಅವಳು ಫೈಲು ಮುಚ್ಚುವುದು.

ಒಂದು ದಿನ ಗೋಕಾಕ ಕಡೆಯ ಯಜಮಾನರೊಬ್ಬರು ಮಗನ ಮದುವೆಗೆ ಪೆಂಡಾಲು ಹೇಳಲು ಬಂದು ಕೂತಿದ್ದರು. ನಾನು ಫೋನಿನಲ್ಲಿ, "ಮಾವಶಿ, ಮುಂಜಾನಿಂದ ಒಳಗ ಅದೀರಿ. ಇನ್ನ ಹೊರಗ ಬರ್ರಿ. ಇಲ್ಲಿ ಗಿರಾಕಿ ಕುಂತಾರ, ನಾ ಅರ್ಜೆಂಟ್ ಒಳಗ ಹೋಗಬೇಕು" ಅನ್ನುತ್ತಿದ್ದೆ. ಅವಳು ಸ್ವಲ್ಪ ತಡಿ ಅಂದಳು. ನಾನು ತಡೆದೆ. ಮತ್ತೆ ಹಚ್ಚಿದೆ. "ಆತೇನ್ರಿ? ಇನ್ನೂ ಇಲ್ಲಾ?"

ಯಜಮಾನರು ಇದನ್ನು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಕುರ್ಚಿ ಸನೇಕ ಎಳೆದುಕೊಂಡು ಮೆಲ್ಲಗೆ ಕೇಳಿದರು.

"ತಮ್ಮಾ, ಫೋನಿನ್ಯಾಗ ಯಾವೂರು ಅದು?"

"ಖಾನಾಪುರ್ರಿ."

"ಇಷ್ಟು ದೊಡ್ಡ ಅಂಗಡಿ. ಖಾನಾಪುರದ ತನಕ ಸೇರಿ ಒಂದ ಸಂಡಾಸೇನು?"

ಪರದೇಶದ ಬೋರ್ಡು

ಖಾನಾಪುರದ ಹಳೇ ಕಂಪ್ಯೂಟರಿನಲ್ಲಿ ಮಾವಶಿ ಕನ್ನಡ ಹೊಡೆಯುವುದು ಹಳೇ ಕಾಲದ ಫಾಂಟಿನಲ್ಲಿ. ಅಲ್ಲಿ ನೋಡಿದರೆ ಮುತ್ತಿನಂಥ ಅಕ್ಷರ. ಅದನ್ನೇ ನನ್ನ ಹೊಸ ಕಂಪ್ಯೂಟರಿನಲ್ಲಿ ತೆಗೆದರೆ ಕನ್ನಡ ಹೋಗಿ ಇಂಗ್ಲಿಷಿನ ಅಕ್ಷರಗಳು ನಿಂತಿರುತ್ತವೆ. ಸಾದಾ ಇಂಗ್ಲಿಷೂ ಅಲ್ಲ. ಒಂದರ ತಲೆ ಮೇಲೆ ಕೊಡೆ, ಒಂದರ ತಲೆ ಮೇಲೆ ಎರಡು ಚುಕ್ಕೆ, ಇನ್ನೊಂದಕ್ಕೆ ಕೆಳಗೆ ಬಾಲ.

ಖಾನಾಪುರದ ಹುಡುಗಿಗೂ ಬೆಳಗಾವಿಯ ಹುಡುಗನಿಗೂ ಮದುವೆ. ಮಾವಶಿ ಹೆಸರು ಹೊಡೆದು ಇಟ್ಟಿದ್ದಳು. ನಾನು ಕುರ್ಚಿ ಲೋಡು ಮಾಡಿಸುವ ಗಡಿಬಿಡಿಯಲ್ಲಿದ್ದೆ, ಬೋರ್ಡು ಮಾಡುವವ ನಮ್ಮ ಕಂಪ್ಯೂಟರಿನಿಂದ ಹೆಸರು ತೆಗೆದುಕೊಂಡು ಹೋದ. ಕೊಟ್ಟದ್ದನ್ನು ಕೊಟ್ಟ ಹಾಗೆ ಬರೆಯುವವ ಅವನು. ಮರುದಿನ ಮಂಗಲ ಕಾರ್ಯಾಲಯದ ಬಾಗಿಲಿಗೆ, ಹಾಸಿಗೆಯಷ್ಟು ಅಗಲದ ಬೋರ್ಡಿನ ಮೇಲೆ, ಬಂಗಾರದ ಬಣ್ಣದಲ್ಲಿ, ಕೊಡೆ ಚುಕ್ಕೆ ಬಾಲ.

ನಾನು ಹೋಗುವಷ್ಟರಲ್ಲಿ ಬೀಗರು ಬೋರ್ಡಿನ ಕೆಳಗೆ ನಿಂತಿದ್ದರು. ಹುಡುಗನ ಕಡೆಯವರು ತಮ್ಮತಮ್ಮಲ್ಲಿ, "ಹುಡುಗಿ ಮನಿ ಗೋವಾ ಹಾದಿಗೆ ಐತಲ್ಲ, ಪೋರ್ತುಗೀಜ್ ಇರಬೇಕು. ದೊಡ್ಡ ಮಂದಿ" ಅನ್ನುತ್ತಿದ್ದರು. ಹುಡುಗಿಯ ಕಡೆಯವರು, "ಹುಡುಗ ಜರ್ಮನಿ ಕಂಪನ್ಯಾಗ ಅದಾನಂತ. ಅವರ ಭಾಷಾದಾಗ ಬರಸ್ಯಾರ" ಅನ್ನುತ್ತಿದ್ದರು. ಒಬ್ಬರನ್ನೊಬ್ಬರು ಕೇಳಿದರೆ ತಮ್ಮ ಮರ್ಯಾದೆ ಹೋದೀತೆಂದು ಯಾರೂ ಕೇಳಲಿಲ್ಲ. ಎರಡೂ ಕಡೆಯವರು ಎಂದಿಗಿಂತ ಹೆಚ್ಚು ಬಗ್ಗಿ ನಮಸ್ಕಾರ ಮಾಡಿಕೊಂಡರು. ನಾನು ಸಾಕಷ್ಟು ಮದುವೆ ನೋಡಿದ್ದೇನೆ, ಅಷ್ಟು ಶಾಂತವಾಗಿ ನಡೆದದ್ದು ಮತ್ತೊಂದಿಲ್ಲ.

ಒಬ್ಬ ಮುದುಕರು ಮಾತ್ರ ನನ್ನ ರಟ್ಟೆ ಹಿಡಿದು ಬಾಜೂಕ ಕರೆದರು. "ನೀ ಕಲತಾಂವ ಕಾಣತಿ. ಇದನ್ನ ಓದು, ನೋಡೂಣು."

ನಾನು ಹಿಂದೆ ಸರಿಯಲಿಲ್ಲ. ಎಡದಿಂದ ಬಲಕ್ಕೆ ಬೆರಳು ಆಡಿಸಿ, ಗಟ್ಟಿಯಾಗಿ, "ಸುಸ್ವಾಗತ" ಅಂತ ಓದಿದೆ.

"ಹಂಗ ಇರಬೇಕಂತ ನನಗೂ ಅನಿಸಿತ್ತು," ಅಂದರು ಅವರು. "ಆದ್ರ ಅಕ್ಷರ ಸ್ವಲ್ಪ ಚಲೋ ಬರೀಬೇಕಿತ್ತು."

ಊಟದ ಹೊತ್ತಿಗೆ ಹುಡುಗನ ಕಡೆಯವರು ನನ್ನನ್ನು ಹುಡುಗಿಯ ಕಡೆಯವನೆಂದು ತಿಳಿದರು, ಹುಡುಗಿಯ ಕಡೆಯವರು ಹುಡುಗನ ಕಡೆಯವನೆಂದು ತಿಳಿದರು. ಅವರು ಕರೆದಾರು ಎಂದು ಇವರು, ಇವರು ಕರೆದಾರು ಎಂದು ಅವರು, ನನ್ನನ್ನು ಊಟಕ್ಕೆ ಯಾರೂ ಕರೆಯಲಿಲ್ಲ. ಬೆಳಗಾವಿಯಲ್ಲಿ ನನ್ನಷ್ಟು ಮದುವೆಗೆ ಹೋದವರು ಯಾರೂ ಇಲ್ಲ. ನನ್ನ ನಂಬರು ಇಲ್ಲದ ಮನೆಯೂ ಇಲ್ಲ. ಎಲ್ಲರ ಮೊಬೈಲಿನಲ್ಲಿಯೂ ನನ್ನ ಹೆಸರು "ಕುರ್ಚಿ" ಎಂದಿದೆ.

ಅವ್ವಾರ ಮೂಗು

ನಮ್ಮ ಅಂಗಡಿಯಲ್ಲಿ ಒಂದು ಸೆಟ್ ಭಾಂಡಿ ಬೇರೆಯೇ ಇತ್ತು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟದ ಜೈನರ ಮದುವೆಗಳಿಗೆ ಮಾತ್ರ ಕೊಡುವಂಥದ್ದು. ಆ ಸೆಟ್ಟು ತಪ್ಪಿ ಬೇರೆ ಕಡೆ ಹೋಗಬಾರದೆಂದು ನಾನೇ ತಲೆ ಓಡಿಸಿ, ಡೇಟಾಬೇಸಿನಲ್ಲಿ ಒಂದು ಹೊಸ ಕಾಲಂ ಮಾಡಿ, ಹಸಿರು ಗುರುತು ಹಾಕಿದೆ. ಹೊಸ ಆವೃತ್ತಿಯಲ್ಲಿ ಮಾತ್ರ ಬರುವಂಥ ಗುರುತು. ಚಂದ ಕಾಣುತ್ತಿತ್ತು. ಖಾನಾಪುರದ ಹಳೇ ಸಾಫ್ಟ್‌ವೇರಿಗೆ ಅಂಥದ್ದೊಂದು ಇರುತ್ತದೆ ಎಂದೇ ಗೊತ್ತಿಲ್ಲ. ಮಾವಶಿ ಒಳಗೆ ಹೋಗಿ ಹೊರಗೆ ಬಂದರೆ ಸಾಕು, ಹಸಿರೆಲ್ಲ ಅಳಿಸಿ ಹೋಗುತ್ತಿತ್ತು.

ಅವಳಿಗೇನು ಗೊತ್ತು. ಆ ಸೆಟ್ಟನ್ನು ಖಾನಾಪುರದ ಒಂದು ಹೊಸ ಮನೆಯ ಶಾಂತಿಗೆ ಕಳಿಸಿದಳು. ಅಲ್ಲಿ ದಿನವಿಡೀ ಉಳ್ಳಾಗಡ್ಡಿ ಭಜಿ ಕರಿದರು. ಭಾಂಡಿ ತೊಳೆದು, ಬೂದಿ ಹಚ್ಚಿ ತಿಕ್ಕಿ, ಕನ್ನಡಿ ಮಾಡಿ ವಾಪಸ್ಸು ಕೊಟ್ಟರು.

ಆ ವಾರವೇ ಸಾವ್ಕಾರ್ರ ಮನೆಯಲ್ಲಿಯೇ ಕಾರ್ಯ. ಅವರ ತಾಯಿ, ನಾವೆಲ್ಲ ಅವ್ವಾರು ಅನ್ನುತ್ತೇವೆ, ಕೋಲು ಊರಿಕೊಂಡು ಗೋದಾಮಿಗೆ ಬಂದರು. ಒಂದೊಂದೇ ಕೊಳಗಕ್ಕೆ ತಲೆ ಒಳಗೆ ಹಾಕಿ ಮೂಸಿದರು. ಒಂದು ಕೊಳಗದಲ್ಲಿ ಹೋದ ತಲೆ ಹೊರಗೆ ಬರಲಿಲ್ಲ. ಒಳಗಿನಿಂದಲೇ ಬಾವಿಯೊಳಗಿಂದ ಬಂದಂಥ ದನಿ ಬಂತು.

"ಇದರಾಗ ಉಳ್ಳಾಗಡ್ಡಿ ಐತಿ."

ಸಾವ್ಕಾರ್ರು ಅದೇ ಸೆಟ್ಟಿನ ಇನ್ನೊಂದು ಕೊಳಗ ಮೂಸಿದರು. ನಾನು ಮೂಸಿದೆ. ಟ್ರಕ್ಕಿನ ಡ್ರೈವರ್ ಮೂಸಿದ. ನಮಗೆ ಹಿತ್ತಾಳೆಯ ವಾಸನೆ ಬಿಟ್ಟು ಏನೂ ಬರಲಿಲ್ಲ. ನಾನು ಸುಮ್ಮನಿರಬೇಕಿತ್ತು, ಆದರೆ ನನ್ನ ಡೇಟಾಬೇಸಿನ ಮರ್ಯಾದೆಯ ಪ್ರಶ್ನೆ.

"ಅವ್ವಾರ, ಈ ಸೆಟ್ ಎಲ್ಲೂ ಹೋಗಿಲ್ರಿ. ನಾ ಕಂಪ್ಯೂಟರಿನ್ಯಾಗ ಗುರ್ತ ಹಾಕೀನಿ."

ಅವ್ವಾರು ತಲೆ ಹೊರಗೆ ತೆಗೆದರು. ಸೆರಗು ಸರಿ ಮಾಡಿಕೊಂಡು ನನ್ನನ್ನು ನೋಡಿದರು.

"ಕಂಪ್ಯೂಟರಿಗೆ ಮೂಗು ಐತೇನು?"

ಮಾವಶಿಗೆ ಫೋನು ಹಚ್ಚಿ ಕೇಳಿದಾಗ ಭಜಿಯ ಸಂಗತಿ ಹೊರಬಿತ್ತು, ಆ ಸೆಟ್ಟು ಅವತ್ತೇ ಖಾನಾಪುರಕ್ಕೆ ಹೋಯಿತು. ಸಾವ್ಕಾರ್ರು ನನ್ನ ಮುಂದೆ ನಿಂತು, "ಎರಡೂ ಕಡೆ ಒಂದ ನಮೂನಿ ಸಾಫ್ಟ್‌ವೇರ್ ಹಾಕು. ಆಗತೈತಿಲ್ಲೋ?" ಅಂದರು.

"ನನಗ ಆಗದ್ದು ಯಾವುದೈತ್ರಿ?" ಅಂದೆ.

"ಉಳ್ಳಾಗಡ್ಡಿ ವಾಸನಿ," ಅಂದರು.

ಬಾಣದ ಜಗ್ಗಾಟ

ಖಾನಾಪುರಕ್ಕೆ ಹೋಗಿ ಹಾಕಿ ಬಂದರೆ ಅದರಲ್ಲಿ ಏನು ದೊಡ್ಡಸ್ತಿಕೆ? ಬೆಳಗಾವಿಯಲ್ಲಿ ಕೂತೇ ಖಾನಾಪುರದ ಕಂಪ್ಯೂಟರಿನೊಳಗೆ ಕೈ ಹಾಕಿದೆ. ಮಾವಶಿಯ ಪರದೆ ನನಗೆ ಕಾಣುತ್ತದೆ, ನಾನು ಇಲ್ಲಿ ಮೌಸು ಸರಿಸಿದರೆ ಅಲ್ಲಿ ಬಾಣ ಓಡುತ್ತದೆ. ಮಾವಶಿಗೆ ಹಿಂದಿನ ದಿನವೇ ಹೇಳಿದ್ದೆ. ಅವಳು ಹೂಂ ಅಂದಿದ್ದಳು. ಹೂಂ ಅಂದರೆ ತಿಳಿಯಿತು ಅಂತ ಅಲ್ಲ, ಸಾಕು ಅಂತ.

ಕೆಲಸ ಶುರು ಮಾಡಿದೆ. ಬಾಣವನ್ನು ಬಲಕ್ಕೆ ಒಯ್ದರೆ ಎಡಕ್ಕೆ ಬರುತ್ತದೆ. ಮೇಲಕ್ಕೆ ಒಯ್ದರೆ ಕೆಳಗೆ ಜಗ್ಗುತ್ತದೆ. ಇಂಥ ಜಿದ್ದಿನ ಬಾಣ ನಾನು ನೋಡಿರಲಿಲ್ಲ. ನಾನೂ ಬಿಡಲಿಲ್ಲ, ಕೆರೆಯಿಂದ ಎಮ್ಮೆ ಎಳೆದವನು. ಅರ್ಧ ತಾಸು ಜಗ್ಗಾಡಿ, ಬೆವರೊರೆಸಿಕೊಂಡು ಫೋನು ಹಚ್ಚಿದೆ.

"ಮಾವಶಿ, ಏನು ಮಾಡಾಕತ್ತೀರಿ?"

ಅವಳಿಗೂ ದಮ್ಮು ಹತ್ತಿತ್ತು. "ಮೌಸಿನ್ಯಾಗ ಏನೋ ಹೊಕ್ಕೈತಿ ತಮ್ಮಾ. ತಾನ ಓಡಾಕತ್ತೈತಿ. ನೀ ಕಾಳಜಿ ಮಾಡಬ್ಯಾಡ, ಎರಡೂ ಕೈಲೇ ಗಟ್ಟಿ ಹಿಡಕೊಂಡೀನಿ."

"ಅದು ನಾನ ರೀ."

"ಮೊದಲ ಹೇಳಬಾರದೇನು?" ಅಂದಳು. "ಇಷ್ಟೊತ್ತು ನಿನಗ ಬೈದೀನಿ."

ಕೈ ಬಿಟ್ಟಳು. ಅವತ್ತು ಮಧ್ಯಾಹ್ನದೊಳಗೆ ಎರಡೂ ಕಂಪ್ಯೂಟರಿನಲ್ಲಿ ಒಂದೇ ಆವೃತ್ತಿ. ಇಬ್ಬರೂ ಒಟ್ಟಿಗೆ ಒಳಗೆ ಹೋಗಬಹುದು. ಅವಳು ಬರೆದದ್ದು ನನಗೆ, ನಾನು ಬರೆದದ್ದು ಅವಳಿಗೆ ಕಾಣುತ್ತದೆ. ಹಸಿರು ಗುರುತು ಅಳಿಯುವುದಿಲ್ಲ, ಅಕ್ಷರ ಕೆಡುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹುಬ್ಬಳ್ಳಿಯಿಂದ ಇಂಜಿನಿಯರನನ್ನು ಕರೆಸಬೇಕಾಗುತ್ತಿತ್ತು. ಸಾವ್ಕಾರ್ರು ಒಂದು ಸಲ ತಲೆ ಆಡಿಸಿದರು. ಅವರ ಲೆಕ್ಕದಲ್ಲಿ ಅದು ಭಾಷಣ.

ಮರುದಿನ ಫೋನು ಬಾರಿಸಲಿಲ್ಲ. ಅದರ ಮರುದಿನವೂ ಇಲ್ಲ. ಕೇಳುವುದಕ್ಕೆ ಏನಿದೆ? ಒಳಗಿದ್ದರೂ ಅಷ್ಟೇ, ಹೊರಗಿದ್ದರೂ ಅಷ್ಟೇ. ಗಿರಾಕಿಗಳು ನನ್ನ ಮೊಬೈಲಿಗೆ ಹಚ್ಚುತ್ತಾರೆ, ಕುರ್ಚಿ ಎಷ್ಟು ಅನ್ನುತ್ತಾರೆ, ಇಡುತ್ತಾರೆ. ಸಂಜೆ ಬಾಗಿಲು ಹಾಕಿ ರೂಮಿಗೆ ಹೋಗುತ್ತೇನೆ. ಊರು ದೂರವಿಲ್ಲ, ಆದರೆ ಮದುವೆ ಸೀಸನ್ನಿನಲ್ಲಿ ನಮಗೆ ಊರೂ ಇಲ್ಲ, ರಜೆಯೂ ಇಲ್ಲ. ಹಗಲೆಲ್ಲ ಗೋದಾಮಿನಲ್ಲಿ ಕೂತರೆ ಸುತ್ತ ಸಾಲುಸಾಲು ಕುರ್ಚಿ. ಒಂದರ ಮೇಲೂ ಒಬ್ಬರಿಲ್ಲ.

ಒಂದು ವಾರ ನೋಡಿದೆ. ಅಂಗಡಿಯ ಫೋನೇ ಕೆಟ್ಟಿರಬೇಕು, ಇಲ್ಲದಿದ್ದರೆ ಇಷ್ಟು ಸುಮ್ಮನಿರುವುದಿಲ್ಲ ಅನ್ನಿಸಿತು. ಪರೀಕ್ಷೆ ಮಾಡಲು ನನ್ನ ಮೊಬೈಲಿನಿಂದ ಅಂಗಡಿಗೆ ಹಚ್ಚಿದೆ. ಮೇಜಿನ ಮೇಲಿನ ಫೋನು ಜೋರಾಗಿ ಬಾರಿಸಿತು. ಎತ್ತಿದೆ. ಹಲೋ ಅಂದೆ. ಆ ಕಡೆಯಿಂದ ನಾನೂ ಹಲೋ ಅಂದೆ. ಮುಂದೆ ಇಬ್ಬರಿಗೂ ಏನು ಮಾತಾಡಬೇಕೋ ತಿಳಿಯಲಿಲ್ಲ.

ಗುಂಜಿಯ ಮದುವೆ

ಆಮೇಲೆ ಒಂದು ದಿನ ಫೋನು ತಾನಾಗಿ ಬಾರಿಸಿತು. ಮಾವಶಿ.

"ಯಾಕೋ ಫೋನು ಮಾಡವಲ್ಲಿ?"

"ಈಗ ಬೇಕಾಗಿಲ್ಲಲ್ರಿ. ಇಬ್ಬರೂ ಕೂಡೇ ಒಳಗ ಇರಬಹುದು."

"ಇರಬಹುದು, ಖರೇ. ಆದ್ರ ನೀ ಇದ್ದದ್ದು ನನಗ ಹೆಂಗ ತಿಳೀಬೇಕು?"

ನಾನು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದೆ.

"ಗುಂಜ್ಯಾಗ ನನ್ನ ತಂಗಿ ಮಗಳ ಲಗ್ನ ಐತಿ," ಅಂದಳು. "ಪೆಂಡಾಲು, ಕುರ್ಚಿ ಎಲ್ಲಾ ಇಲ್ಲಿಂದ ಹೋಗತಾವು. ನೀ ಏನೂ ತರಬ್ಯಾಡ. ಬರೇ ನೀ ಬಾ."

ಬರೇ ನಾನು ಹೋಗುವ ಮದುವೆ. ಹೊಸ ಅಂಗಿ ತೊಟ್ಟು, ಹೊಸ ಚಪ್ಪಲಿ ಮೆಟ್ಟಿ, ಬೆಳಗಿನ ರೈಲಿಗೆ, ಖಾನಾಪುರ ದಾಟಿ, ಗುಂಜಿಯಲ್ಲಿ ಇಳಿದೆ. ಸ್ಟೇಷನ್ನಿನಿಂದಲೇ ಪೆಂಡಾಲು ಕಂಡಿತು. ನಮ್ಮದೇ ಪೆಂಡಾಲು. ಬಟ್ಟೆಯ ಯಾವ ಮೂಲೆ ಹರಿದಿದೆ ಎಂದು ನನಗೆ ಗೊತ್ತು. ಒಳಗೆ ಹೋಗಿ ಅತಿಥಿಗಳ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತೆ. ಕೈ ಸುಮ್ಮನಿರಲಿಲ್ಲ, ಮುಂದಿನ ಸಾಲು ಸೊಟ್ಟ ಇತ್ತು, ಬಗ್ಗಿ ಒಂದು ಕುರ್ಚಿ ಸರಿ ಮಾಡಿದೆ. ಅಷ್ಟೇ ಸಾಕಾಯಿತು. ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು ಬಂದರು.

"ಪೆಂಡಾಲದವರೇನು? ಹಿಂದ ಹೆಣಮಕ್ಕಳಿಗೆ ಕುರ್ಚಿ ಕಮ್ಮಿ ಬಿದ್ದಾವು."

"ನಾ ಪಾವಣೇರ ಪೈಕಿ ರೀ. ನನ್ನ ಕರದಾರ."

"ಕರೀಲಿ, ಬ್ಯಾಡ ಅಂದವರು ಯಾರು? ಎರಡು ಕುರ್ಚಿ ಒಯ್ದು ಹಾಕಿ ಕುಂದರ್ರಿ."

ಒಯ್ದು ಹಾಕಿದೆ. ಮತ್ತೆ ಎರಡು ಅಂದರು. ಮಾವಶಿಯನ್ನು ಹುಡುಕೋಣವೆಂದರೆ ಅವಳ ಮುಖ ನನಗೆ ಗೊತ್ತಿಲ್ಲ. ದಿನಾ ಮಾತಾಡಿದ್ದೇವೆ, ಒಂದು ದಿನವೂ ನೋಡಿಲ್ಲ. ಹೆಣ್ಣುಮಕ್ಕಳ ನಡುವೆ ಕುರ್ಚಿ ಹಾಕುತ್ತ ದನಿ ಕೇಳುತ್ತ ತಿರುಗಿದೆ. ಎಲ್ಲರೂ ಮಾವಶಿಯ ಹಾಗೆಯೇ ಮಾತಾಡುತ್ತಿದ್ದರು.

ಮಂಗಳಾಷ್ಟಕ ಮುಗಿಯುವ ಹೊತ್ತಿಗೆ ಗೂಡ್ಸ್ ರೈಲು ಬಂತು. ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಊರಿಗೆ ಊರೇ ರೈಲು ದಾಟುವುದನ್ನು ಕಾಯುತ್ತ ನಿಂತಿತು. ಭಟ್ಟರು ಬಾಯಿ ಆಡಿಸುತ್ತಲೇ ಇದ್ದರು, ರೈಲಿನ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಕೊನೆಯ ಡಬ್ಬಿ ದಾಟಿದ ಮೇಲೆ ಕಾಳು ಬಿದ್ದವು.

ಆಮೇಲೆ ಆಹೇರ. ಮನೆಯವರು ತಮ್ಮ ಬಳಗವನ್ನು ಒಬ್ಬೊಬ್ಬರನ್ನಾಗಿ ಮಂಟಪಕ್ಕೆ ಕರೆದು ಬಟ್ಟೆ ಕೊಟ್ಟು ಮರ್ಯಾದೆ ಮಾಡುವ ಪದ್ಧತಿ ಅದು. ಮೈಕು ಹಿಡಿದವ ಕೂಗುತ್ತಿದ್ದ. ಹುಡುಗಿಯ ಸೋದರಮಾವ ಬರಬೇಕು. ನಂದಗಡದ ಅತ್ತಿ ಮನೆಯವರು ಬರಬೇಕು. ಹಾಗೆ ಕೂಗುತ್ತ ಒಂದು ಕಡೆ ನಿಂತ. ಮೈಕಿಗೆ ಕೈ ಅಡ್ಡ ಹಿಡಿದು ಯಾರನ್ನೋ ಕೇಳಿದ. ಮತ್ತೆ ಕೇಳಿದ. ಕೊನೆಗೆ ಗಂಟಲು ಸರಿಮಾಡಿಕೊಂಡು ಕೂಗಿದ:

"ಬೆಳಗಾವಿ ಕಂಪ್ಯೂಟರ್. ಬೆಳಗಾವಿ ಕಂಪ್ಯೂಟರ್ ಎಲ್ಲಿದ್ದರೂ ಮಂಟಪಕ್ಕ ಬರಬೇಕು."

ಯಾರೂ ಏಳಲಿಲ್ಲ. ಇಬ್ಬರು ಗಂಡಸರು ಸೌಂಡ್ ಬಾಕ್ಸಿನ ಹಿಂದೆ ಬಗ್ಗಿ ನೋಡಿದರು. ಪಟಗದ ಹಿರಿಯರು ನನ್ನ ಕಡೆ ತಿರುಗಿ, "ಏ ಪೆಂಡಾಲದಾಂವ, ಕಂಪ್ಯೂಟರ್ ಎಲ್ಲಿ ಇಟ್ಟಿಪಾ? ಕೇಳಾಕತ್ತಾರ, ಲಗೂನ ಒಯ್ದು ಕೊಡು" ಅಂದರು.

"ನಾನ ರೀ ಅದು," ಅಂದೆ.

ಎರಡೂ ಬಗಲಿನಲ್ಲಿ ಕುರ್ಚಿ ಇದ್ದವು. ಕೆಳಗಿಡುವುದು ಮರೆತು ಹಾಗೆಯೇ ಮಂಟಪಕ್ಕೆ ಹತ್ತಿದೆ. ಕನ್ನಡಕ ಹಾಕಿದ ಗಿಡ್ಡ ಮುದುಕಿಯೊಬ್ಬಳು ತಲೆ ಎತ್ತಿ ನನ್ನನ್ನು ಪೂರ್ತಿ ನೋಡಿದಳು.

"ನೀನೇನೋ? ನಿನ್ನ ಮಾತಿನ ಜೋರು ಕೇಳಿ, ದೊಡ್ಡ ಆಳು ಇರ್ತಿ ಅಂತಿದ್ದೆ."

"ಮೌಸ್ ಜಗ್ಗಿದ್ದು ನೋಡಿ ನಾನೂ ಹಂಗ ತಿಳಿದಿದ್ದೆ ರೀ."

ಮೈಕಿನವನಿಗೆ ಅವಸರ. "ಮಾವಶಿ, ಏನಂತ ಕೂಗಲಿ? ಇಂವ ಯಾರ ಕಡೆಯಾಂವ?"

ಹುಡುಗನ ಕಡೆಯವರು ನೋಡಿದರು. ಹುಡುಗಿಯ ಕಡೆಯವರು ನೋಡಿದರು. ಮಾವಶಿ ಅವನ ಕೈಯಿಂದ ಮೈಕು ಕಸಿದುಕೊಂಡು, ತುಟಿಗೆ ಹತ್ತಿಸಿ, ಗುಂಜಿ ಸ್ಟೇಷನ್ನಿನ ತನಕ ಕೇಳುವ ಹಾಗೆ ಹೇಳಿದಳು:

"ನನ್ನ ಕಡೆಯಾಂವ."

ಆಮೇಲೆ ಕುರ್ಚಿ ಕೆಳಗಿಡಿಸಿ, ನನ್ನನ್ನೇ ಅದರ ಮೇಲೆ ಕೂಡಿಸಿ, ಕುಂಕುಮ ಹಚ್ಚಿ ಆಹೇರ ಮಾಡಿದಳು. ಬಳಗದವರಿಗೆ ಕೊಟ್ಟದ್ದನ್ನೇ ನನಗೂ ಕೊಟ್ಟಳು: ಒಂದು ಟವೆಲ್ಲು, ಒಂದು ಬಿಳೀ ಟೊಪ್ಪಿಗೆ, ಒಂದು ತೆಂಗಿನಕಾಯಿ.